ದೌಲತರಾಯ ಉಂಡು ಹೋದ ದಾರಿ

ದೌಲತರಾಯನ ಮೇಲೆ ಸೇಡು ತೀರಿಸಿಕೊಳ್ಳಲು ಮಹಾನಂದಾ ಎರಡು ವರ್ಷ ಕಾದಳು. ಈ ಎರಡು ವರ್ಷದಲ್ಲಿ ಅವಳು ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಂಡು "ಆರಾಮ ಇದ್ದೀರೇನ್ರಿ ಅಣ್ಣ" ಎಂದು ಕೇಳಿ ಮುಂದೆ ಹೋಗುತ್ತಿದ್ದಳು. ನೋಡಿದವರು, ಪಾಪ, ಎಲ್ಲ ಮರೆತಿದ್ದಾಳೆ ಅಂದುಕೊಂಡರು. ಮರೆಯುವ ಜಾತಿಯ ಹೆಂಗಸು ಅವಳಲ್ಲ.

ಊರು ಮಣ್ಣೂರಿನ ಆಚೆ, ಭೀಮಾ ನದಿಯ ದಂಡೆಗೆ. ದೌಲತರಾಯ ಅಲ್ಲಿಯ ದೊಡ್ಡ ರೈತ. ಹೊಳೆಗೆ ಹತ್ತಿದ ಕಬ್ಬಿನ ಹೊಲ, ಒಂದು ಜೀಪು, ಐವತ್ತರ ಹತ್ತಿರದ ವಯಸ್ಸು. ಕೆಟ್ಟವನು ಎಂದು ಯಾರೂ ಅನ್ನುತ್ತಿರಲಿಲ್ಲ. ಬಾಯಿ ಸಿಹಿ, ಕೈ ಧಾರಾಳ. ಆದರೆ ಹುಟ್ಟಿದಂದಿನಿಂದ ಒಂದು ಕೆಲಸವನ್ನೂ ಹೊತ್ತಿಗೆ ಮಾಡಿದವನಲ್ಲ. ಬೀಜ ತರಲು ಹೋದವನು ಹೋಟೆಲಿನ ಬೆಂಚಿನ ಮೇಲೆ ಮಧ್ಯಾಹ್ನ ಮಾಡುತ್ತಿದ್ದ. ಸತ್ತವರ ಮನೆಗೆ ಹೊರಟರೆ ಮಣ್ಣು ಕೊಟ್ಟು ಎಲ್ಲರೂ ಕೈಕಾಲು ತೊಳೆದ ಮೇಲೆ ಮುಟ್ಟುತ್ತಿದ್ದ. ಯಾರಾದರೂ ಅವಸರ ಮಾಡಿದರೆ "ಇನ್ನ ಟೈಮ್ ಅದ ತಗೋ" ಎಂದು ನಗುತ್ತಿದ್ದ. ಊರೂ ಜೊತೆಗೆ ನಗುತ್ತಿತ್ತು. ಆರಾಮ ಮನುಷ್ಯ ಎಂದು ಅವನಿಗೆ ಹೆಸರು. ಅವನು ಆರಾಮಾಗಿ ಕುಳಿತಾಗ ಯಾರ ಹೊತ್ತು ಹಾಳಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಾಳಾದದ್ದು ಮಹಾನಂದಾಳ ಹೊತ್ತು.

ಅವಳು ಮದುವೆಯಾಗಿ ಬಂದ ಮೇಲೆ, ಎರಡು ಮಕ್ಕಳನ್ನು ಹಡೆದ ಮೇಲೆ, ಒಲೆಯ ಮುಂದೆ ಪುಸ್ತಕ ಇಟ್ಟುಕೊಂಡು ಪಿಯುಸಿ ಪಾಸು ಮಾಡಿದವಳು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಖಾಲಿ ಬಿದ್ದಾಗ ಅರ್ಜಿ ಹಾಕಿದಳು. ಪಟ್ಟಿಯಲ್ಲಿ ಅವಳ ಹೆಸರೇ ಮೊದಲು ಬಂತು. ಮೂಲ ಕಾಗದಪತ್ರಗಳನ್ನು ಅಫಜಲಪುರದ ಕಚೇರಿಗೆ ಒಯ್ದು ತೋರಿಸಬೇಕು, ಗೊತ್ತುಮಾಡಿದ ದಿನ ಸಂಜೆ ನಾಲ್ಕರ ಒಳಗೆ, ಅಷ್ಟೇ ಬಾಕಿ. ವಯಸ್ಸಿನ ಮಿತಿ ದಾಟಲು ಅವಳಿಗೆ ಎರಡು ತಿಂಗಳು ಉಳಿದಿತ್ತು. ಆ ಸಲ ಬಿಟ್ಟರೆ ಮತ್ತೆ ಇಲ್ಲ.

ಅಂದು ಎರಡು ಗಂಟೆಯ ಬಸ್ಸಿಗೆ ಅವಳು ಕಾಗದದ ಚೀಲ ಎದೆಗೆ ಒತ್ತಿಕೊಂಡು ನಿಂತಿದ್ದಳು. ದೌಲತರಾಯ ಜೀಪು ನಿಲ್ಲಿಸಿ, "ನಾನೂ ಅಫಜಲಪುರಕ್ಕ ಹೊಂಟೇನಿ ತಂಗಿ, ಕೂಡು. ಬಸ್ಸಿನಾಗ ಯಾಕ ನುಗ್ಗಾಡ್ತಿ?" ಎಂದ. ಬಸ್ಸು ಬಂತು. "ಬಿಡು, ಹೋಗ್ಲಿ" ಎಂದು ಡ್ರೈವರಿಗೆ ತಾನೇ ಕೈ ಮಾಡಿದ. ಬಸ್ಸು ಹೋಯಿತು. ಆಮೇಲೆ ಅವನು ಮಣ್ಣೂರಿನಲ್ಲಿ ಚಹಾ ಕುಡಿದ. ಕರಜಗಿಯಲ್ಲಿ ಯಾರದೋ ಎಮ್ಮೆಯ ಹಲ್ಲು ನೋಡಿದ. ಮುಂದೆ ಒಂದು ಬೇವಿನ ಗಿಡದ ಕೆಳಗೆ ಬೀಗನೊಬ್ಬ ಸಿಕ್ಕ, ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ಮಹಾನಂದಾ ಜೀಪಿನಿಂದ ಇಳಿದು ಕೈ ಮುಗಿದಳು. "ಅಣ್ಣ, ಮೂರೂವರಿ ಆತ್ರಿ, ನಿಮ್ಮ ಕಾಲ ಬೀಳ್ತೇನಿ." ಅವನು ನಕ್ಕ. "ಇನ್ನ ಟೈಮ್ ಅದ ತಗೋ. ಸರಕಾರಿ ಆಫೀಸು, ನಾಕ ಅಂದ್ರ ಐದು."

ಅವಳು ಕಚೇರಿಯ ಮೆಟ್ಟಿಲು ಹತ್ತಿದಾಗ ನಾಲ್ಕು ಇಪ್ಪತ್ತು. ಪಟ್ಟಿಗೆ ಸಹಿಯಾಗಿ ಮೇಲಿನ ಕಚೇರಿಗೆ ಹೋಗಿತ್ತು. ಹುದ್ದೆ ಎರಡನೆಯ ಹೆಸರಿನ ಭಾಗ್ಯಾಳಿಗೆ ಸಿಕ್ಕಿತು. ಭಾಗ್ಯಾಳದೇನೂ ತಪ್ಪಿಲ್ಲ, ಅವಳು ಬೆಳಿಗ್ಗೆ ಹತ್ತಕ್ಕೇ ಹೋಗಿ ಕುಳಿತಿದ್ದಳು.

ದೌಲತರಾಯ ತಪ್ಪಾಯಿತು ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಅವನು ಅನ್ನಲಿಲ್ಲ. ಮರುದಿನ ಹೋಟೆಲಿನಲ್ಲಿ ಕುಳಿತು, "ಇಪ್ಪತ್ತ ನಿಮಿಷಕ್ಕ ಆಕಿ ದಾರಿ ತುಂಬ ಅತ್ತಳ್ರಿ, ಗಂಡ ಸತ್ತಂಗ" ಎಂದು ಕಥೆ ಮಾಡಿ ಹೇಳಿ ನಗಿಸಿದ. ಅಂದಿನಿಂದ ಪಡ್ಡೆಗಳು ಅವಳನ್ನು ಕಂಡರೆ "ಟೀಚರಬಾಯಿ, ಟೈಮ್ ಎಷ್ಟಾತ್ರಿ?" ಎಂದು ಕೇಳತೊಡಗಿದರು. ಅವಳ ಮನೆಯ ಎದುರಿಗೇ ಅಂಗನವಾಡಿ. ದಿನಾ ಬೆಳಿಗ್ಗೆ ಮಕ್ಕಳು ಕೂಗಿ ಅ ಆ ಹೇಳುವಾಗ ಮಹಾನಂದಾ ಹಿಟ್ಟು ನಾದುತ್ತಿದ್ದಳು. ಹಿಟ್ಟಿಗೆ ಬೀಳುವ ಗುದ್ದು ಪಕ್ಕದ ಮನೆಗೆ ಕೇಳುತ್ತಿತ್ತು.

ಹೀಗಿರುವಾಗ ತಾಲೂಕಿನ ರೈತರ ಸೊಸೈಟಿಗೆ ಚುನಾವಣೆ ಬಂತು. ದೌಲತರಾಯನ ಅಪ್ಪ ಒಂದು ಕಾಲಕ್ಕೆ ಆ ಸೊಸೈಟಿಯ ಅಧ್ಯಕ್ಷನಾಗಿದ್ದ, ಅವನ ಫೋಟೋ ಇನ್ನೂ ಅಲ್ಲಿಯ ಗೋಡೆಯ ಮೇಲಿತ್ತು. ಆ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂಡಬೇಕೆಂಬುದು ದೌಲತರಾಯನ ಜೀವದ ಆಸೆ. ಹಿಂದಿನ ಎರಡು ಚುನಾವಣೆ ಸೋತಿದ್ದ. ಈ ಸಲ ಗಾಳಿ ಅವನ ಕಡೆಗಿತ್ತು, ನಿಂತರೆ ಗೆಲ್ಲುವುದು ಖರೆ ಎಂದು ಎದುರಾಳಿಗಳೇ ಒಪ್ಪಿದ್ದರು. ಅಫಜಲಪುರದ ಕಚೇರಿಗೆ ನಾಮಪತ್ರ ಕೊಡಲು ಏಳು ದಿನ ಇತ್ತು. ಆರು ದಿನ ಅವನು "ಇನ್ನ ಟೈಮ್ ಅದ" ಎಂದು ತಿರುಗಿದ. ಉಳಿದದ್ದು ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ. ಆ ದಿನ ಎಳ್ಳ ಅಮಾವಾಸ್ಯೆ.

ಇದು ಕಿವಿಗೆ ಬಿದ್ದಾಗ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾದರೂ ಅವಳು ತಿರುವಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಕಾಳು, ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ಕಡುಬು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲ ತುತ್ತನ್ನು ಬೆಳೆಗೆ ಚೆಲ್ಲುತ್ತಾರೆ, ಅದು ಚರಗ. ಆಮೇಲೆ ಊಟ. ಅಂದು ಹೊಲದ ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವ ಹಾಗಿಲ್ಲ, ಕರೆದಾಗ ಕೂಡದೆ ಹೋಗುವ ಹಾಗೂ ಇಲ್ಲ. ಉಣ್ಣದೆ ದಾಟಿದರೆ ಆ ಮನೆಯನ್ನಷ್ಟೇ ಅಲ್ಲ, ಆ ಮಣ್ಣನ್ನೇ ಬೇಡ ಅಂದ ಹಾಗೆ. ಆ ಮಾತು ಮುಂದಿನ ಅಮಾವಾಸ್ಯೆಯವರೆಗೂ ಉಳಿಯುತ್ತದೆ.

ದೌಲತರಾಯನ ಹೊಲ ಹೊಳೆಯ ದಂಡೆಗೆ. ಅಲ್ಲಿಂದ ಡಾಂಬರ ರಸ್ತೆಗೆ ಬರಲು ಒಂದೇ ಬಂಡಿದಾರಿ. ಕಬ್ಬಿನ ಟ್ರ್ಯಾಕ್ಟರುಗಳು ಅದನ್ನು ಅಗೆದುಹಾಕಿದ್ದರಿಂದ ಜೀಪು ರಸ್ತೆಯ ಮೇಲೆಯೇ ನಿಲ್ಲಬೇಕು, ಮನುಷ್ಯ ನಡೆದೇ ಬರಬೇಕು. ಆ ದಾರಿ ನಾಲ್ಕು ಹೊಲ ದಾಟುತ್ತದೆ. ಮೊದಲು ಮುದುಕಿ ಕಾಶಿಬಾಯಿಯದು, ಆಮೇಲೆ ಖಾದರಸಾಬನದು, ಆಮೇಲೆ ಚಂದ್ರಾಮಪ್ಪನದು. ರಸ್ತೆಗೆ ಹತ್ತಿದ ಕೊನೆಯ ಹೊಲ ಮಹಾನಂದಾಳದು. ನಾಲ್ಕೂ ಮನೆಯವರು ಸೊಸೈಟಿಯ ಮೆಂಬರರು. ಅಂದರೆ ನಾಲ್ಕೂ ಮನೆಯಲ್ಲಿ ವೋಟು.

ಹಬ್ಬದ ಹಿಂದಿನ ದಿನ ಅವಳು ಮೂರೂ ಮನೆಗೆ ಹೋಗಿ ಬಂದಳು. ಸುಳ್ಳು ಹೇಳಲಿಲ್ಲ. ಖಾದರಸಾಬನ ಅಂಗಳದಲ್ಲಿ ಅವನ ಹೆಂಡತಿ ಹಜರಾಬಿ ಎಳ್ಳು ಕೇರುತ್ತಿದ್ದಳು.

"ಕಾಕಾ, ದೌಲತಣ್ಣ ಈ ಸಲ ನಿಂದ್ರಾಕತ್ತಾನ. ನಾಳಿಗೆ ನಿಮ್ಮ ಹೊಲದ ಮ್ಯಾಲೆ ಹಾಯ್ದ ಹೋಗ್ತಾನ" ಎಂದಳು.

"ಹೋಗ್ಲಿ ಬಿಡು ಬೇಟಿ."

"ಉಣ್ಣದ ಹೋದ್ರ?"

ಖಾದರಸಾಬ ಬೀಡಿ ಬಾಯಿಂದ ತೆಗೆದ. "ಉಣ್ಣದ ಹ್ಯಾಂಗ ಹೋಗ್ತಾನ? ಅವರಪ್ಪ ನಮ್ಮ ಹೊಲದಾಗ ಉಂಡಾನ."

"ಅವರಪ್ಪ ಉಂಡಾನ್ರಿ. ಇಂವ ಈಗ ದೊಡ್ಡಾಂವ ಆಗಾಂವ. ನೋಡ್ರಿ, ನಿಮ್ಮಲ್ಲಿ ಕೂಡ್ತಾನೋ, ಚಂದ್ರಾಮಪ್ಪನಲ್ಲಿ ಅಷ್ಟ ಕೂತು ಹೋಗ್ತಾನೋ."

ಹಜರಾಬಿ ಮೊರ ಕೆಳಗಿಟ್ಟು ಅವಳ ಮುಖ ನೋಡಿದಳು. ಹೆಂಗಸಿಗೆ ಹೆಂಗಸಿನ ಹೊಟ್ಟೆಯೊಳಗಿನದು ಬೇಗ ತಿಳಿಯುತ್ತದೆ. "ನಂದೂ ಒಂದ ಸಿಟ್ಟ ಅದ ಅವನ ಮ್ಯಾಲೆ" ಎಂದಳು. "ಹದ ಇದ್ದಾಗ ಟ್ರ್ಯಾಕ್ಟರ್ ಕಳಸ್ತೇನಿ ಅಂದಾಂವ, ಮಣ್ಣ ಒಣಗಿ ಹೆಂಟಿ ಆದ ಮ್ಯಾಲೆ ಕಳಿಸಿದ. ಕೂಡಿಸ್ತೇನಿ, ತಗೋ. ಕೂಡಿಸಿ ಉಣ್ಣಸ್ತೇನಿ."

ಕಾಶಿಬಾಯಿಗೂ ಚಂದ್ರಾಮಪ್ಪನಿಗೂ ಅವಳು ಹೇಳಿದ್ದು ಅದೇ ಮಾತು. ಬೆಂಕಿ ಹಚ್ಚಬೇಕಾಗಿರಲಿಲ್ಲ, ಇದ್ದ ಕೆಂಡವನ್ನು ಊದಿದರೆ ಸಾಕಾಗಿತ್ತು.

ಅಂದು ಸಂಜೆಯೇ ಬಾವಿಯ ದಾರಿಯಲ್ಲಿ ದೌಲತರಾಯ ಸಿಕ್ಕ. ಅವನಿಗೂ ಅವಳು ಖರೆ ಮಾತನ್ನೇ ಹೇಳಿದಳು. "ಅಣ್ಣ, ನಾಳಿಗೆ ನಾಕೂ ಹೊಲದವರು ನಿಮ್ಮ ಹಾದಿ ಕಾಯಾಕತ್ತಾರ. ಒಬ್ಬರಲ್ಲಿ ಉಂಡು ಒಬ್ಬರಲ್ಲಿ ಬಿಟ್ಟೀರಿ ಮತ್ತ, ವೋಟಿನ ಮಾತದ."

"ಎಲ್ಲಾರಲ್ಲೀ ಉಣ್ತೇನಿ ತಂಗಿ!" ಎಂದು ಹೊಟ್ಟೆ ತಟ್ಟಿಕೊಂಡ. "ಇದ ಇರೋದ ಯಾಕ?"

"ಮೂರಕ್ಕ ಆಫೀಸ್ ಮುಚ್ಚತದಂತ."

"ಮೂರು ಅಂದ್ರ ಎಷ್ಟ ದೂರ ಅದ ಗೊತ್ತದೇನು ನಿನಗ? ಮುಂಜಾನೆ ಒಂಬತ್ತಕ್ಕ ಚರಗ, ಹತ್ತಕ್ಕ ಜೀಪು. ಹನ್ನೊಂದಕ್ಕ ಕಾಗದ ಕೊಟ್ಟ, ಪೇಪರಿನ ಫೋಟೋದಾಗ ನಿಂತಿರ್ತೇನಿ."

ಅವಳ ಗಂಡ ಶಂಕರಲಿಂಗ ಮೆತ್ತನೆ ಸ್ವಭಾವದವನು. ಅಮಾವಾಸ್ಯೆಯ ಬೆಳಿಗ್ಗೆ ಗಾಡಿಗೆ ಬುಟ್ಟಿ ಏರಿಸುವಾಗ ಅವಳ ಮುಖ ನೋಡಿ ಅವನಿಗೆ ಗೊತ್ತಾಯಿತು. "ಇವತ್ತಿನ ಅನ್ನದಾಗ ಅದನ್ನ ಬೆರಸಬ್ಯಾಡ. ಪಾಪ ಹತ್ತತದ" ಎಂದ.

"ಅನ್ನದಾಗ ಏನೂ ಬೆರಸಿಲ್ಲ. ಬೇಕಾದ್ರ ಮೊದಲ ತುತ್ತ ನೀ ಉಣ್ಣು."

"ನಾ ಆ ಮಾತ ಹೇಳಾಕತ್ತಿಲ್ಲ."

"ಮತ್ತ ಸುಮ್ಮಕ ಗಾಡಿ ಹೊಡಿ."

ಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಕಡಲೆ ಕಾಯಿ ಹಿಡಿದಿತ್ತು. ಬೇವಿನ ಗಿಡದ ಹತ್ತಿರ ಹಕ್ಕಿ ಓಡಿಸಲು ಕಟ್ಟಿದ ಅಟ್ಟ ಇತ್ತು. ಚರಗ ಚೆಲ್ಲಿ, ಮಕ್ಕಳಿಗೂ ಗಂಡನಿಗೂ ಬಡಿಸಿ, ಮಹಾನಂದಾ ಅಟ್ಟ ಹತ್ತಿ ಕುಳಿತಳು. ಅಲ್ಲಿಂದ ಹೊಳೆಯವರೆಗೆ ಬಂಡಿದಾರಿ ಕಾಣುತ್ತಿತ್ತು. ಕೈಯಲ್ಲಿ ಮೊಬೈಲು, ಅದರಲ್ಲಿ ಗಂಟೆ.

ಹತ್ತಾಯಿತು, ಹನ್ನೊಂದಾಯಿತು. ದೌಲತರಾಯನ ಹೊಲದಲ್ಲಿ ಇನ್ನೂ ಚರಗದ ಕೂಗೇ ಕೇಳುತ್ತಿತ್ತು. ಹನ್ನೊಂದೂವರೆಗೆ ಬಿಳಿ ಅಂಗಿ ಬಂಡಿದಾರಿಗೆ ಬಂತು. ಎಡಗೈಯಲ್ಲಿ ಕಾಗದದ ಫೈಲು. ನಾಲ್ಕು ಹೆಜ್ಜೆ ನಡೆದು ನಿಂತು ಯಾರದೋ ಜೊತೆ ಫೋನಿನಲ್ಲಿ ಮಾತಾಡಿದ. ಬದುವಿನಲ್ಲಿ ಬಗ್ಗಿ ಕಡಲೆಗಿಡ ಕಿತ್ತು, ಒಂದೊಂದೇ ಕಾಯಿ ಸುಲಿದು ತಿಂದ. ಮಹಾನಂದಾ ನೋಡುತ್ತಲೇ ಇದ್ದಳು. ಎರಡು ವರ್ಷದ ಹಿಂದೆ ಇದೇ ನಡಿಗೆಯನ್ನು ಜೀಪಿನ ಹಿಂದಿನ ಸೀಟಿನಿಂದ ನೋಡಿದ್ದಳು. ಅಂದು ಒಂದೊಂದು ನಿಮಿಷ ಎಣಿಸಿದ್ದಳು. ಇಂದು ಅದೇ ನಡಿಗೆ ಕಣ್ಣಿಗೆ ತಂಪಾಗಿತ್ತು.

ಕಾಶಿಬಾಯಿ ದಾರಿಗೆ ಅಡ್ಡ ನಿಂತು ಅವನ ಕೈ ಹಿಡಿದು ಒಳಗೆ ಎಳೆದದ್ದು ಕಂಡಿತು. ಬಿಳಿ ಅಂಗಿ ಜೋಳದ ನಡುವೆ ಮಾಯವಾಯಿತು. ಹನ್ನೆರಡು ಇಪ್ಪತ್ತಕ್ಕೆ ಮತ್ತೆ ಕಂಡಿತು.

ಮಹಾನಂದಾ ಅಟ್ಟದಿಂದ ಇಳಿದಳು. ಹಬ್ಬದ ದಿನ ಒಬ್ಬರ ಹೊಲದ ಬಜ್ಜಿ ಇನ್ನೊಬ್ಬರ ಹೊಲಕ್ಕೆ ಹೋಗುವುದು ರೂಢಿ. ಒಂದು ಬಟ್ಟಲು ಬಜ್ಜಿ ತುಂಬಿಕೊಂಡು ಖಾದರಸಾಬನ ಹೊಲಕ್ಕೆ ಹೋದಳು. ದೌಲತರಾಯ ಆಗಲೇ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಫೈಲು ಪಕ್ಕದಲ್ಲಿ, ಅದರ ಮೇಲೆ ಅಂಬಲಿಯ ಚರಿಗೆ.

"ಅರೆ ಅಧ್ಯಕ್ಷಸಾಬ, ಎರಡ ಕಡುಬಿಗೇ ಸಾಕಾತೇನು? ಚಂದ್ರಾಮಪ್ಪನಲ್ಲಿ ಜಾಗಾ ಇಟ್ಟೀರೇನು?" ಎಂದು ಖಾದರಸಾಬ ಕೆಣಕುತ್ತಿದ್ದ.

"ಛೇ ಛೇ, ಹಾಕ್ರಿ ಕಾಕಾ. ಹಜರಾಬಿ ಕಾಕಿ ಕೈಯಾಗಿನ ಕಡುಬು ಗಾಣಗಾಪುರದ ಪ್ರಸಾದ ಇದ್ದಂಗ."

"ಪ್ರಸಾದ ಅಂದ್ರ ಚೂರ ತಗೋಬೇಕಪ್ಪ. ನೀ ಗಂಗಾಳ ತುಂಬ ಹೊಡದಿ" ಎಂದು ಹಜರಾಬಿ ಇನ್ನೆರಡು ಹಾಕಿದಳು. ಕಂಬಳಿಯ ಸುತ್ತ ಕುಳಿತವರೆಲ್ಲ ನಕ್ಕರು. ದೌಲತರಾಯನೇ ಹೆಚ್ಚು ನಕ್ಕ.

ಮಹಾನಂದಾ ಬಟ್ಟಲು ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅಣ್ಣ, ಒಂದಾಗಾಕ ಬಂತ್ರಿ. ಮೂರಕ್ಕ ಮುಚ್ಚತಾರ. ನಾ ಹೇಳಿಲ್ಲ ಅನ್ನಬ್ಯಾಡ್ರಿ."

"ಏ, ಒಂದಕ್ಕೂ ಮೂರಕ್ಕೂ ನಡುವ ಎರಡ ತಾಸ ಅದ. ಜೀಪು ಮುಕ್ಕಾಲ ತಾಸಿನಾಗ ಒಯ್ತದ" ಎಂದು ಅವನು ಕಡುಬು ಮುರಿದ. "ಅಲ್ಲ ಕಾಕಾ, ನಿಮ್ಮ ಆ ಕಂದು ಎಮ್ಮಿ ಕಥಿ ಏನಾತು? ಜೇವರ್ಗಿ ಸಂತಿಗೆ ಒಯ್ದಿದ್ರಲ್ಲ?"

ಖಾದರಸಾಬ ಎಮ್ಮೆಯ ಕಥೆ ಶುರು ಮಾಡಿದ. ಅವನೂ ಚಿಕ್ಕದಾಗಿ ಹೇಳುವ ಮನುಷ್ಯನಲ್ಲ. ಎಮ್ಮೆ ಇನ್ನೂ ಜೇವರ್ಗಿ ಮುಟ್ಟಿರಲಿಲ್ಲ, ಅಷ್ಟರಲ್ಲಿ ಒಂದೂ ಹತ್ತಾಯಿತು.

ಚಂದ್ರಾಮಪ್ಪನದು ದೊಡ್ಡ ಮನೆತನ, ಅಣ್ಣತಮ್ಮಂದಿರು ಐವರು. ಒಬ್ಬೊಬ್ಬರ ಹೆಂಡತಿಯೂ ಒಂದೊಂದು ಬಗೆ ಬಡಿಸಿದಳು. ಯಾರದನ್ನು ಬೇಡ ಅನ್ನುವುದು? ಅಲ್ಲಿಂದ ಹೊರಬಿದ್ದಾಗ ದೌಲತರಾಯನ ನಡಿಗೆ ಗಬ್ಬದ ಹಸುವಿನ ನಡಿಗೆಯಾಗಿತ್ತು. ಮಹಾನಂದಾಳ ಹೊಲದ ಬದುವಿಗೆ ಬಂದಾಗ ಒಂದು ಐವತ್ತು.

ಜೀಪು ಅಲ್ಲೇ ಮುಂದೆ, ರಸ್ತೆಯ ಮೇಲೆ ಬಿಸಿಲಲ್ಲಿ ಮಿಂಚುತ್ತಿತ್ತು. ಆಗ ಹತ್ತಿದ್ದರೆ ಎರಡೂ ಮುಕ್ಕಾಲರ ಒಳಗೇ ಕಚೇರಿಯ ಮುಂದೆ ನಿಲ್ಲುತ್ತಿದ್ದ. ಮಹಾನಂದಾ ಜೀಪಿನ ಕಡೆ ನೋಡಿದಳು. ಇಷ್ಟೆಲ್ಲ ಮಾಡಿ ಕೊನೆಗೆ ಕೈತಪ್ಪಿದರೆ? ಅವನ ಕೈ ಹಿಡಿದು ಎಳೆಯಬಹುದಿತ್ತು, ಕಾಶಿಬಾಯಿಯ ಹಾಗೆ. ಅವಳು ಎಳೆಯಲಿಲ್ಲ. ಎಳೆದರೆ ನಾಳೆ ಅವನು ಅದನ್ನೇ ನೆಪ ಮಾಡುತ್ತಾನೆ. ದಾರಿಯ ಪಕ್ಕಕ್ಕೆ ಸರಿದು, ಕೈಯಲ್ಲಿದ್ದ ಗಂಗಾಳ ಎತ್ತಿ ತೋರಿಸಿದಳು.

"ಅಣ್ಣ, ಎರಡಾಗಾಕ ಬಂತ್ರಿ. ನಿಮಗ ತಡಾ ಆದ್ರ ಹೋಗ್ರಿ. ನಮ್ಮಲ್ಲಿ ಉಣ್ಣದಿದ್ರ ನಾವೇನ ಸಿಟ್ಟಾಗಂಗಿಲ್ಲ."

ಇದು ಅವಳು ಕೊಟ್ಟ ಬಾಗಿಲು. ಹೋಗುವುದಿದ್ದರೆ ಹೋಗಬಹುದಿತ್ತು. ದೌಲತರಾಯ ಜೀಪಿನ ಕಡೆ ನೋಡಿದ, ಗಂಗಾಳದ ಕಡೆ ನೋಡಿದ, ಬೇವಿನ ನೆರಳಿನ ಕಡೆ ನೋಡಿದ. ಆ ನೆರಳೇ ಗೆದ್ದಿತು.

"ನಾಕನೇ ಹೊಲ ಬಿಟ್ರ ಮಂದಿ ಏನಂದಾರು? ಇನ್ನ ಟೈಮ್ ಅದ ತಂಗಿ. ಒಂದೀಟ ಅಂಬಲಿ ಕೊಡು, ಕುಂತ ಕುಡದ ಹೋಗ್ತೇನಿ. ಐದ ನಿಮಿಷ."

ಕುಳಿತ. ಅಂಬಲಿ ಕುಡಿದ. ಇನ್ನೊಂದು ಚರಿಗೆ ಕೇಳಿ ಕುಡಿದ. ಶಂಕರಲಿಂಗನ ಜೊತೆ ತೊಗರಿಯ ರೋಗದ ಮಾತು ತೆಗೆದು ಅರ್ಧಕ್ಕೇ ಬಿಟ್ಟ. ತಲೆಗೆ ಸುತ್ತಿದ ಟವೆಲು ಬಿಚ್ಚಿ ಮಡಚಿ ಬೇವಿನ ಬೇರಿನ ಮೇಲಿಟ್ಟ, ಅದರ ಮೇಲೆ ತಲೆ ಇಟ್ಟ. "ಬೆನ್ನ ಹಚ್ಚತೇನಿ, ಅಷ್ಟ" ಎಂದ. ನಾಲ್ಕು ಹೊಲದ ಕಡುಬು, ಹೋಳಿಗೆ, ಅಂಬಲಿ ಹೊಟ್ಟೆಯಲ್ಲಿದ್ದವು. ಮೇಲೆ ಚಳಿಗಾಲದ ಹಿತವಾದ ಬಿಸಿಲು, ಹೊಳೆಯ ಗಾಳಿ. ಗೊರಕೆ ಎದ್ದಿತು.

ಶಂಕರಲಿಂಗ ಎದ್ದು ಅವನ ಭುಜಕ್ಕೆ ಕೈ ಚಾಚಿದ. ಮಹಾನಂದಾ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಬಿಡು, ಎಬ್ಬಸ್ತೇನಿ" ಎಂದು ಅವನು ಪಿಸುಗುಟ್ಟಿದ. "ಬಂದ ಮನುಷ್ಯಾ ಅಂವ. ಉಂಡಾನ."

"ಮಲಗಂತ ನಾ ಹೇಳೇನೇನು?"

"ಹೇಳಿಲ್ಲ. ಖರೆ ಈಗ ಎಬ್ಬಿಸಿದ್ರ ಇನ್ನ ಮುಟ್ಟತಾನ."

"ಹೌದು, ಮುಟ್ಟತಾನ. ನಾನೂ ಮುಟ್ಟತಿದ್ದೆ." ಅವಳ ದನಿ ಮೇಲೇರಲಿಲ್ಲ, ಆದರೆ ಹಿಡಿದ ಕೈಯ ಉಗುರು ಅವನ ಚರ್ಮಕ್ಕೆ ಇಳಿದಿತ್ತು. "ಅವತ್ತ ನಾ ಕೈ ಮುಗದ ನಿಂತಾಗ ಯಾರ ಇದ್ರು ನನ್ನ ಜೋಡಿ? ಮನಿಗೆ ಬಂದ್ರ ನೀನೂ 'ಬಿಟ್ಟಬಿಡು' ಅಂದಿ. ಇವತ್ತ ಅದನ್ನ ನಾ ನಿನಗ ಹೇಳಾಕತ್ತೇನಿ. ಬಿಟ್ಟಬಿಡು."

ಶಂಕರಲಿಂಗ ಅವಳ ಕಣ್ಣು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಮಕ್ಕಳನ್ನು ಕರೆದುಕೊಂಡು ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಆ ಕಡೆ ಹೋದ.

ಮಹಾನಂದಾ ದೌಲತರಾಯನ ತಲೆಯ ಹತ್ತಿರ ಕುಳಿತಳು. ಬೆಲ್ಲದ ವಾಸನೆಗೆ ನೊಣ ಬಂದು ಅವನ ತುಟಿಯ ಮೇಲೆ ಕೂಡುತ್ತಿದ್ದವು. ಒಂದು ಮೂಗಿನ ಮೇಲೆ ನಡೆದಾಗ ಅವನು ಮುಖ ಸಿಂಡರಿಸಿದ, ರೆಪ್ಪೆ ಅಲುಗಿತು. ಅವಳು ಸೆರಗಿನ ತುದಿ ಹಿಡಿದು ಮೆಲ್ಲಗೆ ಬೀಸತೊಡಗಿದಳು. ದೂರದಿಂದ ನೋಡಿದವರಿಗೆ ತವರಿನ ಅಣ್ಣನಿಗೆ ತಂಗಿ ಗಾಳಿ ಹಾಕುತ್ತಿದ್ದಾಳೆ ಅನ್ನಿಸಬೇಕು, ಹಾಗೆ ಬೀಸಿದಳು. ಬಿಸಿಲು ಎಲೆಗಳ ನಡುವೆ ಜಾರಿ ಅವನ ಕಣ್ಣ ಮೇಲೆ ಬಿದ್ದಾಗ ತಾನೇ ಸರಿದು ಕುಳಿತು ನೆರಳಾದಳು. ತನ್ನ ಮಕ್ಕಳ ನಿದ್ದೆಯನ್ನೂ ಅವಳು ಅಷ್ಟು ಜೋಪಾನ ಮಾಡಿರಲಿಲ್ಲ.

ಎರಡು ಹತ್ತು. ಆಚೆ ಹೊಲದಲ್ಲಿ ಯಾರೋ ಹಾಡುತ್ತಿದ್ದರು. ಎರಡು ಹದಿನೈದು. ಈಗ ಎದ್ದರೂ ಮುಟ್ಟುವುದು ಕಷ್ಟ. ಎರಡು ಇಪ್ಪತ್ತು. ಆ ಅಂಕಿಯನ್ನು ಮೊಬೈಲಿನಲ್ಲಿ ನೋಡಿ ಅವಳು ಬೀಸುವುದನ್ನು ನಿಲ್ಲಿಸಿದಳು. ಇನ್ನು ನೊಣ ಕೂತರೂ ಆಗುತ್ತಿತ್ತು.

ನೊಣ ಕೂತಿತು. ಅವನು ಎದ್ದ.

"ಟೈಮ್ ಎಷ್ಟಾತು?"

"ಎರಡೂವರಿಗೆ ಐದ ನಿಮಿಷ ಅದ ಅಣ್ಣ."

ಆ ಮನುಷ್ಯ ಓಡಿದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಅಂದು ಓಡಿದ. ಒಂದು ಚಪ್ಪಲಿ ಹೆಂಟೆಯಲ್ಲಿ ಸಿಕ್ಕು ಉಳಿಯಿತು. ಫೈಲು ಮರೆತು ಹಿಂದೆ ಬಂದ, ಮತ್ತೆ ಓಡಿದ. ಜೀಪು ಎರಡು ಸಲ ಕೆಮ್ಮಿ ಹೊರಟಿತು. ರಸ್ತೆಯ ಮೇಲೆ ಧೂಳು ಇಳಿಯುವವರೆಗೂ ಮಹಾನಂದಾ ಬದುವಿನ ಮೇಲೆ ನಿಂತಿದ್ದಳು. ಆಮೇಲೆ ಬೆಳಗಿನಿಂದ ಮುಟ್ಟದಿದ್ದ ತನ್ನ ಗಂಗಾಳಕ್ಕೆ ಬಡಿಸಿಕೊಂಡು ಕುಳಿತು, ಹೊಟ್ಟೆ ತುಂಬ ಉಂಡಳು.

ಐದು ಗಂಟೆಯ ಸುಮಾರಿಗೆ ಜೀಪು ತಿರುಗಿ ಬಂತು. ಗಾಡಿಗಳು ಊರ ಕಡೆ ಹೊರಡುವ ಹೊತ್ತು. ದೌಲತರಾಯ ಇಳಿದು ಸೀದಾ ಅವಳ ಹೊಲಕ್ಕೆ ಬಂದ, ಒಂದೇ ಚಪ್ಪಲಿಯಲ್ಲಿ. ಮುಖ ಕೆಂಪಾಗಿತ್ತು.

"ಎಂಟ ನಿಮಿಷ!" ಎಂದ. "ಬರೇ ಎಂಟ ನಿಮಿಷ ತಡಾ. ಕಿಡಕಿ ಮುಚ್ಚಿಬಿಟ್ರು. ಒಳಗಿನಾಂವ ಮಾರಿ ಎತ್ತಿ ಸುದ್ದಾ ನೋಡಲಿಲ್ಲ, ಗಡಿಯಾರಕ್ಕ ಬೊಟ್ಟ ಮಾಡಿದ. ನಾ ಯಾರು, ನಮ್ಮಪ್ಪ ಯಾರು, ಗೋಡಿ ಮ್ಯಾಲೆ ಫೋಟೋ ಅದ ಅಂದೆ. ಕೇಳವಲ್ಲ!"

"ಹೌದ್ರಿ. ಹಂಗೇ ಬೊಟ್ಟ ಮಾಡ್ತಾರ" ಎಂದಳು ಮಹಾನಂದಾ, ಬುಟ್ಟಿಗೆ ಬಟ್ಟೆ ಕಟ್ಟುತ್ತ.

"ನೀ ಎಬ್ಬಿಸಬೇಕಿತ್ತಲ್ಲ! ಬಾಜೂಕ ಕುಂತಿದ್ದಿ!"

"ಕುಂತಿದ್ದೆ. ನೊಣ ಹೊಡೀತಾ ಕುಂತಿದ್ದೆ, ನೀವು ಏಳಬಾರದಂತ."

ಅವನಿಗೆ ಮೊದಲು ತಿಳಿಯಲಿಲ್ಲ. ಅವಳು ಗಂಟು ಬಿಗಿದು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಮೂರು ಮನೆಗೆ ಹೋದದ್ದು, ಅಟ್ಟದ ಮೇಲೆ ಕುಳಿತದ್ದು, ಗಂಡನ ಕೈ ಹಿಡಿದದ್ದು. ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಅದು ಯಾತರ ಸೇಡು? ಇವೆಲ್ಲ ಯಾಕೆ ಎಂದು ಅವನು ಕೇಳಿದಾಗ, "ನನ್ನ ಅಂಗನವಾಡಿಗೆ" ಎಂದಳು.

ದೌಲತರಾಯ ಹಣೆ ಗಂಟು ಹಾಕಿ ನೆನಪು ಮಾಡಿಕೊಂಡ. "ಅದಾ? ಅದಕ್ಕ ಎರಡ ವರ್ಷ ಆತಲ್ಲ. ನಾ ಮರತೇ ಬಿಟ್ಟಿದ್ದೆ."

"ನೀವು ಮರೀತೀರಿ ಅಂತ ಗೊತ್ತಿತ್ರಿ. ಇದನ್ನ ಮರೀರಿ ನೋಡೂಣು."

ಅವನು ಬೈಯಲು ಬಾಯಿ ತೆರೆದ. ಏನೆಂದು ಬೈಯುವುದು? ಉಣ್ಣು ಅಂದಳೆಂದೇ, ಹೋಗು ಅಂದಳೆಂದೇ, ಮೂರು ಸಲ ಗಂಟೆ ಹೇಳಿದಳೆಂದೇ? ಬದುವಿನ ಮೇಲೆ ಕುಸಿದು ಕುಳಿತ. ಕೈಯಲ್ಲಿದ್ದ ನಾಮಪತ್ರ ಬೆವರಿಗೆ ಸುರುಟಿಕೊಂಡಿತ್ತು. ಕಣ್ಣಂಚಿನಲ್ಲಿ ನೀರು ಬಂತು. ಮಹಾನಂದಾ ತನ್ನ ಒಳಗೆ ಕನಿಕರ ಹುಟ್ಟುತ್ತದೆಯೋ ಏನೋ ಎಂದು ಒಂದು ಗಳಿಗೆ ಕಾದು ನೋಡಿದಳು. ಹುಟ್ಟಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ದೌಲತರಾಯನ ಮನೆಯ ಎತ್ತಿನ ಗಾಡಿ ಬಂತು. ಅದರಲ್ಲಿ ಅವನ ಹೆಂಡತಿ ಜಯಮಾಲಾ, ಖಾಲಿ ಬುಟ್ಟಿಗಳ ನಡುವೆ. ಆಳುಮಗ ಗಾಡಿ ನಿಲ್ಲಿಸಿದ. ಹೊಲದಿಂದ ರಸ್ತೆಗೆ ಬಂದ ಮೇಲೆ ಜಯಮಾಲಾ ಗಾಡಿ ಇಳಿದು ಗಂಡನ ಜೀಪಿನಲ್ಲಿ ಊರಿಗೆ ಹೋಗುವುದು ಪ್ರತಿ ವರ್ಷದ ವಾಡಿಕೆ.

"ಕೊಟ್ಟ ಬಂದ್ರೇನ್ರಿ?" ಎಂದು ಅವಳು ಗಾಡಿಯಿಂದಲೇ ಕೇಳಿದಳು.

ಮಹಾನಂದಾಳೇ ಹೇಳಿದಳು. "ಇಲ್ಲ ವೈನಿ. ಅಣ್ಣ ನಮ್ಮ ಹೊಲದಾಗ ಮಲಗಿದ್ರು. ನಾನೇ ಎಬ್ಬಿಸಲಿಲ್ಲ."

ಜಯಮಾಲಾ ತನ್ನ ಮೇಲೆ ಏರಿ ಬರುತ್ತಾಳೆ ಎಂದು ಮಹಾನಂದಾ ಕಾಲು ಗಟ್ಟಿಯಾಗಿ ಊರಿ ನಿಂತಳು. ಜಯಮಾಲಾ ಅವಳ ಕಡೆ ನೋಡಲೇ ಇಲ್ಲ. ಬದುವಿನ ಮೇಲೆ ಕುಳಿತ ಗಂಡನನ್ನೇ ನೋಡಿದಳು. ಇಪ್ಪತ್ತೆಂಟು ವರ್ಷ ಆ ಮನುಷ್ಯನಿಗೆ ಅನ್ನ ಬಿಸಿ ಮಾಡಿ ಮಾಡಿ ಇಟ್ಟವಳು ಅವಳು.

"ಏಳ್ರಿ. ಹೊತ್ತ ಮುಳಗಾಕ ಬಂತು" ಎಂದಳು.

"ನೀ ಇಳದು ಜೀಪಿನಾಗ ಕೂಡು" ಎಂದ ದೌಲತರಾಯ, ನೆಲ ನೋಡುತ್ತಲೇ. "ಬಂದೆ. ಐದ ನಿಮಿಷ."

ಜಯಮಾಲಾ ಇಳಿಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಆಳುಮಗನ ಬೆನ್ನಿಗೆ ಬೆರಳಿನಿಂದ ತಿವಿದಳು.

"ಹೊಡಿ ಗಾಡಿ."

"ಧಣ್ಯಾರು?"

"ಹೊಡಿ ಅಂದ್ರ ಹೊಡಿ."

ಎತ್ತಿನ ಗಂಟೆ ಅಲುಗಿತು. ದೌಲತರಾಯ ಗಾಬರಿಯಾಗಿ ಎದ್ದು ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ರಸ್ತೆಗೆ ಬಂದು, "ಏ, ತಡಿ! ಜಯಮಾಲಾ, ತಡಿ ಬೇ!" ಎಂದು ಕೂಗಿದ. ಗಾಡಿ ನಿಲ್ಲಲಿಲ್ಲ. ಇಷ್ಟನ್ನು ಮಹಾನಂದಾ ಬಯಸಿರಲಿಲ್ಲ, ಕೇಳಿರಲೂ ಇಲ್ಲ. ಆದರೆ ಬಂದದ್ದನ್ನು ಬಿಡಲೂ ಇಲ್ಲ. ಶಂಕರಲಿಂಗ ಹಿಂದಿನಿಂದ ಕರೆಯುತ್ತಿದ್ದರೂ, ಆ ಗಾಡಿ ಊರ ತಿರುವು ದಾಟಿ ಗಂಟೆಯ ಸದ್ದು ಅಡಗುವವರೆಗೆ ಅಲ್ಲೇ ನಿಂತು ನೋಡಿದಳು.